ಹಗೇವಿನ ಬಯಲಿಗೆ ಹಚ್ಚಿದ ಟಿಕಳಿ

ಕಪಾಟಿನ ಮೇಲೆ ಕೊಡೆ ಹುಡುಕುತ್ತಿದ್ದೆ. ಕೊಡೆ ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಮಾರುದ್ದದ ಒಂದು ಕಾಗದದ ಸುರುಳಿ. ಸುತ್ತಿದ್ದ ರಬ್ಬರ್ ಬ್ಯಾಂಡು ಮುಟ್ಟಿದ ಕೂಡಲೇ ತುಂಡಾಗಿ ಉದುರಿತು. ಪಡಸಾಲೆಯಲ್ಲಿ ಹಾಸಿ, ಮತ್ತೆ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟೆ. ನಮ್ಮ ಓಣಿಯ ನಕಾಶೆ. ಬರೆದವನು ನಾನೇ. ಅದರ ನಡುವೆ, ಅಂಗೈಯಷ್ಟು ಜಾಗದಲ್ಲಿ, ಹೆಂಗಸರು ಹಣೆಗೆ ಹಚ್ಚಿಕೊಳ್ಳುವ ಟಿಕಳಿಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಕೆಂಪು, ಕುಂಕುಮ ಬಣ್ಣದವು, ಒಂದೆರಡು ಕರಿಯವು, ಹರಳು ಕೂಡಿಸಿದ ಮದುವೆಮನೆಯ ಟಿಕಳಿ ಒಂದು. ಉಗುರಿನಿಂದ ಒಂದನ್ನು ಎಬ್ಬಿಸಲು ನೋಡಿದೆ. ಬರಲಿಲ್ಲ.

ಕೊಡೆ ಮರೆತು ಅಲ್ಲೇ ಕುಳಿತೆ. ನೀವೂ ಒಂದಿಷ್ಟು ಹೊತ್ತು ಕೂಡುವುದಾದರೆ ಆ ಟಿಕಳಿಗಳು ಅಲ್ಲಿಗೆ ಹೇಗೆ ಬಂದವು ಎಂಬುದನ್ನು ಹೇಳುತ್ತೇನೆ. ಕೇಳಿದ ಮೇಲೆ ನನ್ನ ಬಗ್ಗೆ ನಿಮ್ಮ ಅಭಿಪ್ರಾಯ ಏನಾದರೂ ಆಗಲಿ, ಅದು ನನ್ನ ಅಭಿಪ್ರಾಯಕ್ಕಿಂತ ಕೆಟ್ಟದಾಗಿರಲಾರದು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರನಾಗಿದ್ದವನು. ಶಾಲೆಯಲ್ಲಿ ಚಿತ್ರಕಲಾ ಮಾಸ್ತರನ ಸ್ಥಾನ ಏನೆಂದು ಬಲ್ಲವರು ಬಲ್ಲರು. ಗಣಿತದ ಪಾಠ ಉಳಿದರೆ ನನ್ನ ಪಿರಿಯಡ್ಡು ಹೋಗುತ್ತಿತ್ತು. ಸಾಹೇಬರು ತಪಾಸಣೆಗೆ ಬರುವ ಹಿಂದಿನ ದಿನ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತಿತ್ತು: 'ಮಾಸ್ತರ, ಬೋರ್ಡಿನ ಮ್ಯಾಲ ಸುಸ್ವಾಗತ ಬರೀರಿ.' ಊರಿನಲ್ಲಿಯೂ ಅಷ್ಟೇ. ಕಿರಾಣಿ ಅಂಗಡಿಯ ಹೆಸರು, ಹಿಟ್ಟಿನ ಗಿರಣಿಯ ಹೆಸರು, 'ಇಲ್ಲಿ ಉಗುಳಬಾರದು' ಎಲ್ಲ ನನ್ನ ಅಕ್ಷರ. ನಿವೃತ್ತಿಯ ತನಕ ಯಾರೊಬ್ಬರೂ ಯಾವ ವಿಷಯದಲ್ಲೂ ನನ್ನ ಸಲಹೆ ಕೇಳಿದ್ದಿಲ್ಲ. ಈ ಹಸಿವು ನಿಮಗೆ ಗೊತ್ತಿರಲಿ, ಮುಂದಿನದು ಅದರಿಂದಲೇ ಆಯಿತು.

ಇನ್ನು ಬಯಲಿನ ವಿಷಯ. ನಮ್ಮೂರು ಕುಂದಗೋಳ ತಾಲೂಕಿನ ಎರೆಭೂಮಿಯ ಊರು. ಸಂತೆಗೆ ಗುಡಗೇರಿಗೆ ಹೋಗುವವರು ನಾವು. ಓಣಿಯ ನಡುವೆ ಒಂದು ಖುಲ್ಲಾ ಜಾಗ. ಹಿಂದಿನವರು ಅಲ್ಲಿ ನೆಲ ತೋಡಿ, ಒಳಗೆ ಜೋಳ ತುಂಬಿ, ಬಾಯಿ ಮುಚ್ಚಿಡುತ್ತಿದ್ದರು. ಅಂಥ ನೆಲದೊಳಗಿನ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ನಾನು ಹುಟ್ಟುವ ಹೊತ್ತಿಗೆ ಹಗೇವುಗಳನ್ನು ಮಣ್ಣು ಹಾಕಿ ಮುಚ್ಚಿದ್ದರು, ಹೆಸರು ಮಾತ್ರ ಉಳಿದಿತ್ತು: ಹಗೇವಿನ ಬಯಲು. ನೋಡಲು ಅಲ್ಲಿ ಏನೂ ಇರಲಿಲ್ಲ. ಒಂದು ಬೇವಿನ ಗಿಡ, ಸಗಣಿ ಸಾರಿಸಿ ಸಾರಿಸಿ ಗಟ್ಟಿಯಾದ ನೆಲ, ಅಷ್ಟೇ. ಮೆಣಸಿನಕಾಯಿ ಒಣಗಿಸುವವರು ಮೆಣಸಿನಕಾಯಿ ಹರವುತ್ತಿದ್ದರು, ಶಾವಿಗೆ ಹೊಸೆಯುವವರು ಹೊರಸು ತಂದು ಹಾಕುತ್ತಿದ್ದರು. ಮದುವೆಗೆ ಹಂದರ ಅಲ್ಲಿಯೇ. ಸತ್ತವರನ್ನು ಹೂವಿನಿಂದ ಸಿಂಗರಿಸಿದ ಕುರ್ಚಿಯಂಥ ವಿಮಾನದಲ್ಲಿ ಕೂಡಿಸಿ ಭಜನೆ ಮಾಡುವುದೂ ಅಲ್ಲಿಯೇ. ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಮ್ಮಿಗೆ, ಕೆಂಡದ ಕುಣಿ ತೋಡುವುದು ಬೇವಿನ ಗಿಡದ ಬಲಕ್ಕೆ, ಪ್ರತಿ ವರ್ಷ ಅದೇ ಜಾಗದಲ್ಲಿ. ಯಾರಿಗೂ ಯಾರನ್ನೂ ಕೇಳುವ ಕಾರಣವಿರಲಿಲ್ಲ.

ಆದರೆ ಆ ಬಯಲು ನಿಜವಾಗಿ ಯಾರದಾದರೂ ಆಗಿದ್ದರೆ ಅದು ಹುಸೇನಬಿ ಅಕ್ಕನದು. ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಅವಳದು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ತಾಯಿ ಕೌದಿ ಹೊಲಿಯುತ್ತಿದ್ದಳು, ತಾಯಿಯ ನಂತರ ಅವಳು. ಕೌದಿ ಹೊಲಿಯುವುದು ಒಬ್ಬರ ಕೆಲಸವಲ್ಲ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ನೆಲದ ಮೇಲೆ ಬಿಗಿಯಾಗಿ ಹಾಸಬೇಕು, ನಾಲ್ಕು ಕಡೆಯಿಂದ ನಾಲ್ವರು ಕೂತು ಒಳಮುಖವಾಗಿ ಹೊಲಿಗೆ ಹಾಕುತ್ತ ಬರಬೇಕು. ಮನೆಯೊಳಗೆ ಅಷ್ಟು ಜಾಗ ನಮ್ಮ ಓಣಿಯಲ್ಲಿ ಯಾರಿಗಿದೆ? ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಸೂಜಿ ಹಿಡಿದು ಬಯಲಿಗೆ ಬರುತ್ತಿದ್ದರು. ಸೊಸೆಯ ಬಗ್ಗೆ ಅತ್ತೆ, ಅತ್ತೆಯ ಬಗ್ಗೆ ಸೊಸೆ, ಇಬ್ಬರೂ ಒಂದೇ ಕೌದಿಯ ಎರಡು ಅಂಚಿನಲ್ಲಿ ಕೂತು ಹೇಳಿಕೊಳ್ಳುತ್ತಿದ್ದರು.

ನಾನು ಐದಾರು ವರ್ಷದವನಿದ್ದಾಗ, ಹೊಲಿಯುತ್ತಿದ್ದ ಕೌದಿಯ ನಡುವೆ ಹೋಗಿ ಮಲಗಿಬಿಟ್ಟೆನಂತೆ. ಎಬ್ಬಿಸಿದರೆ ಅಳುತ್ತಾನೆಂದು ನಮ್ಮವ್ವ ಎಬ್ಬಿಸಗೊಡಲಿಲ್ಲ. ಅವರು ನನ್ನ ಸುತ್ತ ಹೊಲಿಯುತ್ತ ಬಂದರು. ಸಂಜೆ ಐಸ್ ಮಾರುವವನ ಗಂಟೆ ಕೇಳಿ ಎದ್ದು ಓಡಿದರೆ ಇಡೀ ಕೌದಿ ನನ್ನ ಬೆನ್ನಿಗೇ ಬಂತು. ಹುಸೇನಬಿ ಅಕ್ಕ ನನ್ನ ಅಂಗಿಯ ತುದಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಬೇಕೆಂತಲೇ ಹೊಲಿದಳೋ, ಕಾಣದೆ ಹೊಲಿದಳೋ, ಇಷ್ಟು ವರ್ಷ ಕೇಳಿದರೂ ಬಾಯಿ ಬಿಟ್ಟಿಲ್ಲ. ಅಂಗಿ ಬಿಚ್ಚಲು ಬಾರದೆ ಕೌದಿಯನ್ನು ಮಣ್ಣಿನಲ್ಲಿ ಎಳೆದುಕೊಂಡು ನಾನು ಐಸಿನವನ ಹಿಂದೆ ಓಡಿದ್ದನ್ನು ಹೇಳಿ ನಗದ ಹೆಂಗಸು ನಮ್ಮ ಓಣಿಯಲ್ಲಿ ಇರಲಿಲ್ಲ. ನನ್ನ ಮದುವೆಯ ಹಂದರದಲ್ಲೂ ಹೇಳಿದರು.

ಹೀಗಿರುವಾಗ ನಿಧಿ ಬಂದಳು.

ಬೆಂಗಳೂರಿನ ಒಂದು ಸಂಸ್ಥೆಯ ಹುಡುಗಿ. ಊರುಗಳಲ್ಲಿ ಜನ ಕೂಡುವ ಜಾಗಗಳನ್ನು ಜನರನ್ನೇ ಕೇಳಿ ಸುಧಾರಿಸುವ ಯೋಜನೆಯಂತೆ; ಸರಕಾರದ ದುಡ್ಡು, ಸಂಸ್ಥೆಯ ಬುದ್ಧಿ. ಅವಳನ್ನು ನಾನು ಬೈಯಲಾರೆ. ಬಂದ ದಿನವೇ ಚಪ್ಪಲಿ ಬಿಟ್ಟು ಹುಸೇನಬಿ ಅಕ್ಕನ ಬಾಜೂ ನೆಲದ ಮೇಲೆ ಕೂತಳು. ಸೂಜಿ ಇಸಿದುಕೊಂಡು ಒಂದು ಸಾಲು ಹೊಲಿದಳು. ಸಾಲು ಹಾವು ಹರಿದಂತಾಯಿತು.

"ಇರ್ಲಿ ಬಿಡವಾ," ಎಂದು ಹುಸೇನಬಿ ಅಕ್ಕ ಅದನ್ನು ಬಿಚ್ಚಲಿಲ್ಲ. "ಬೆಂಗಳೂರಾಕಿ ಹೊಲದಾಳ ಅಂತ ಹೇಳಾಕ ಬರ್ತೈತಿ."

ನನ್ನ ಮನೆಗೆ ಬಂದು ನಿಧಿ, "ಸರ್, ಈ ಊರನ್ನ ನಿಮ್ಮಷ್ಟು ನೋಡಿರೋರು ಯಾರೂ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನಮಗೆ ಓಣಿಯ ನಕ್ಷೆ ಬರೆದುಕೊಡ್ತೀರಾ?" ಎಂದಳು. ಎಲ್ಲರೂ ಹಾಗೆ ಹೇಳಿರಲು ಸಾಧ್ಯವಿಲ್ಲ. ಆದರೂ ಆ ರಾತ್ರಿಯ ಊಟ ನನಗೆ ರುಚಿಯಾಗಿತ್ತು. ಹದಿನೈದು ದಿನ ಕೂತು ಬರೆದೆ. ಪ್ರತಿ ಮನೆಯ ಬಾಗಿಲು ಯಾವ ಕಡೆ, ಬೇವಿನ ಗಿಡದ ನೆರಳು ಮಧ್ಯಾಹ್ನ ಎಲ್ಲಿ ಬೀಳುತ್ತದೆ, ಎಲ್ಲ.

ಒಂದು ಭಾನುವಾರ ಬಯಲಿನಲ್ಲಿ ನಕಾಶೆ ಹಾಸಿದೆವು. ನಿಧಿ ಕೆಂಪು ದುಂಡನೆಯ ಸ್ಟಿಕ್ಕರು ಹಂಚಿದಳು. ಪ್ರತಿಯೊಬ್ಬರೂ ತಮಗೆ ಅಗದಿ ಪ್ರೀತಿಯ ಜಾಗದ ಮೇಲೆ ಒಂದು ಹಚ್ಚಬೇಕು. ಹೆಂಗಸರು ಹಿಂದೆ ಸರಿದರು. ಸರಕಾರದ ಕಾಗದಕ್ಕೆ ಕೈ ಹಚ್ಚಿದರೆ ಏನು ಬರುತ್ತದೋ ಏನು ಹೋಗುತ್ತದೋ. ಆಗ ನಾನು ಎದ್ದು ನಿಂತೆ.

"ಹಚ್ರಿ, ಅಂಜಬ್ಯಾಡ್ರಿ. ನಮಗ ಏನ ಬೇಕು ಅಂತ ಕೇಳಾಕ ಬಂದಾರ. ಇಷ್ಟು ವರ್ಷದಾಗ ಯಾರರ ಕೇಳಿದ್ರೇನು?"

ನನ್ನ ಮಾತು ಕೇಳಿ ಹಚ್ಚಿದರು. ಒಬ್ಬರು ಹಚ್ಚಿದ್ದು ನೋಡಿ ಇನ್ನೊಬ್ಬರು. ಸ್ಟಿಕ್ಕರು ತೀರಿದವು. ಸರದಿಯಲ್ಲಿದ್ದ ಹೆಣ್ಣುಮಗಳೊಬ್ಬಳು ತನ್ನ ಹಣೆಯ ಟಿಕಳಿಯನ್ನೇ ಕಿತ್ತು ಹಚ್ಚಿದಳು. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಅದನ್ನೇ ಮಾಡಿದರು. ನಿಧಿಯ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಹುಸೇನಬಿ ಅಕ್ಕ ಟಿಕಳಿ ಹಚ್ಚಿಕೊಳ್ಳುವವಳಲ್ಲ. ಚೀಲದಿಂದ ಹಸಿರು ಅರಿವೆಯ ಚೂರೊಂದನ್ನು ಉಗುರಿನಷ್ಟು ಕತ್ತರಿಸಿ, "ಗೋಂದು ಕೊಡೋ ಗುರು," ಎಂದು ನನ್ನಿಂದ ಗೋಂದು ಇಸಿದುಕೊಂಡು ಎಲ್ಲರಂತೆ ಹಗೇವಿನ ಬಯಲಿನ ಮೇಲೆ ಹಚ್ಚಿದಳು.

ಒಬ್ಬರು ಮಾತ್ರ ಬೇರೆ ಮಾಡಿದರು. ಎದುರು ಮನೆಯ ಚನಬಸಪ್ಪ ಕಾಕಾ. ಅವರು ತಮ್ಮ ಸ್ಟಿಕ್ಕರನ್ನು ತಮ್ಮ ಮನೆಯ ಮೇಲೆಯೇ ಹಚ್ಚಿಕೊಂಡರು. ನಾನು ನಗುತ್ತ, "ಕಾಕಾ, ನಿಮ್ಮ ಮನಿ ಅಲ್ರಿ, ಎಲ್ಲಾರೂ ಕೂಡೂ ಜಾಗಾ ಕೇಳಾಕತ್ತಾರ," ಎಂದೆ.

"ತಿಳದೈತಿ," ಎಂದರು ಕಾಕಾ. "ನನ್ನ ಮನಿಗೆ ಕೈ ಹಚ್ಚಿದ್ರ ನಾ ಕೇಳ್ತೀನಿ. ಬೈಲಿಗೆ ಹಚ್ಚಿದ್ರ ಕೇಳಾಂವ ಯಾರು?"

ಮುದುಕನಿಗೆ ಪ್ರಶ್ನೆ ಅರ್ಥವಾಗಿಲ್ಲ ಎಂದು ನಿಧಿಯ ಕಿವಿಯಲ್ಲಿ ಹೇಳಿದೆ. ಮಾಸ್ತರಿಕೆಯ ಚಟ, ತಿಳಿದವರನ್ನು ದಡ್ಡರ ಸಾಲಿನಲ್ಲಿ ಕೂಡಿಸುವುದರಲ್ಲಿ ಪಳಗಿದ ಕೈ.

ನಿಧಿಯ ವರದಿ ಹೋಯಿತು. ಓಣಿಯ ಜನರಿಗೆ ಅತಿ ಪ್ರೀತಿಯ ಜಾಗ ಹಗೇವಿನ ಬಯಲು ಎಂದು ಅದರಲ್ಲಿತ್ತು. ಆದ್ದರಿಂದ ಯೋಜನೆಗೆ ಬಯಲೇ ಆಯ್ಕೆಯಾಯಿತು. ಇದನ್ನು ನಾನು ಎಷ್ಟೋ ಸಲ ಉಲ್ಟಾ ಪಲ್ಟಾ ಮಾಡಿ ಯೋಚಿಸಿದ್ದೇನೆ. ಆ ದಿನ ನಮ್ಮವರು ಸುಳ್ಳು ಹೇಳಿದ್ದರೆ, ಓಣಿಯ ಗಟಾರದ ಬದಿಯ ತಿಪ್ಪೆಯ ಮೇಲೆ ಟಿಕಳಿ ಹಚ್ಚಿದ್ದರೆ, ಬಯಲು ಉಳಿಯುತ್ತಿತ್ತು. ತಿಪ್ಪೆ ಇಂದಿಗೂ ಹಾಗೇ ಇದೆ. ಅದನ್ನು ಯಾರೂ ಪ್ರೀತಿಸಲಿಲ್ಲ.

ನಿಧಿ ಬರೆದ ನಕ್ಷೆಯಲ್ಲಿ ಮಣ್ಣಿನ ನೆಲ ಮಣ್ಣಾಗಿಯೇ ಇತ್ತು. ಗಿಡದ ಕೆಳಗೆ ಕುಡಿಯುವ ನೀರಿನ ನಲ್ಲಿ, ಬಿಸಿಲಿಗೆ ಒಂದು ಕಡೆ ಚಪ್ಪರ, ಅಷ್ಟೇ. ಅದು ಕಚೇರಿಯಿಂದ ಕಚೇರಿಗೆ ಹೋಗಿ ಬರುವ ಹೊತ್ತಿಗೆ ಬೆಳೆದಿತ್ತು. ಒಂದು ಮುಂಜಾನೆ ನನ್ನನ್ನು ಕಚೇರಿಗೆ ಕರೆಸಿದರು. ಯೋಜನೆಯ ಸಾಹೇಬರು ಕುರ್ಚಿ ಕೊಟ್ಟು, ಚಹಾ ತರಿಸಿ, ಹೊಸ ನಕ್ಷೆ ಮುಂದಿಟ್ಟರು. ನೆಲಕ್ಕೆಲ್ಲ ಸಿಮೆಂಟಿನ ಬಣ್ಣದ ಇಟ್ಟಿಗೆ, ಸುತ್ತಲೂ ಕಂಪೌಂಡು, ಕಬ್ಬಿಣದ ಗೇಟು, ಕೂಡಲು ಸ್ಟೀಲಿನ ಬಾಕು, ನಡುವೆ ಕಾರಂಜಿ. ನಿಧಿಯೂ ಇದ್ದಳು. ಅವಳ ಮುಖ ಸಣ್ಣದಾಗಿತ್ತು.

"ಮಣ್ಣು ಬಿಟ್ರೆ ಫೋಟೋದಲ್ಲಿ ಕೆಲಸ ಆದಂಗೇ ಕಾಣಲ್ಲ," ಎಂದರು ಸಾಹೇಬರು. "ಮಾಸ್ತರೇ, ಕಂಪೌಂಡಿನ ಗೋಡೆ ಪೂರ್ತಿ ನಿಮಗೇ. ನಿಮ್ಮ ಊರಿನ ಬದುಕು ಬರೀರಿ. ಕೆಳಗೆ ನಿಮ್ಮ ಹೆಸರು. ಓಣಿಯವರ ಒಪ್ಪಿಗೆ ಇದೆ ತಾನೆ?"

ನಿಧಿ ನನ್ನನ್ನು ನೋಡಿದಳು. ಆಗ ನಾನು 'ಇಲ್ಲ, ಕೇಳಿ ಬರುತ್ತೇನೆ' ಎಂದಿದ್ದರೆ ಸಾಕಿತ್ತು. ನನ್ನ ತಲೆಯಲ್ಲಿ ಗೋಡೆ ಬೆಳೆಯುತ್ತಿತ್ತು. ಹೈಸ್ಕೂಲಿನ ಕರಿಹಲಗೆಯ ಮೂಲೆಯಲ್ಲಿ ಸುಸ್ವಾಗತ ಬರೆದ ಕೈಗೆ ಇಷ್ಟುದ್ದದ ಗೋಡೆ.

"ಐತ್ರಿ," ಎಂದೆ. ಸಹಿ ಮಾಡಿದೆ. ಚಿತ್ರಕಲಾ ಮಾಸ್ತರನ ಸಹಿ. ಬಹಳ ಚೆಂದ ಬಂದಿತ್ತು.

ಕೆಲಸ ಐದಾರು ತಿಂಗಳು ನಡೆಯಿತು. 'ಮುಗೀಲಿ, ಆಮ್ಯಾಲ ಛೊಲೋ ಆಗ್ತೈತಿ' ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಬೇವಿನ ಗಿಡ ಉಳಿಯಿತು, ಅದರ ಬುಡಕ್ಕೆ ಸಿಮೆಂಟಿನ ಉಂಗುರ ಹಾಕಿದರು. ಕಂಪೌಂಡು ಎದ್ದ ಮೇಲೆ ನಾನು ಬಣ್ಣ ಹಿಡಿದೆ. ಏನು ಬರೆದೆನೆಂದು ನಿಮಗೆ ಹೊಳೆದಿರಬಹುದು. ಶಾವಿಗೆ ಹೊಸೆಯುವವರು, ಮೆಣಸಿನಕಾಯಿ ಹರವುವವರು, ಅಲಾಯಿ ಕುಣಿಯ ಸುತ್ತ ಕುಣಿಯುವವರು, ಎಲ್ಲರಿಗಿಂತ ದೊಡ್ಡದಾಗಿ ನಡುವೆ ಕೌದಿ ಹೊಲಿಯುತ್ತ ಕೂತ ಹುಸೇನಬಿ ಅಕ್ಕ. ತಲೆಯ ಮೇಲೆ ಹಸಿರು ಸೆರಗು, ಕೈಯಲ್ಲಿ ಸೂಜಿ, ಹುಬ್ಬು ಗಂಟಿಕ್ಕಿ ದಾರ ಪೋಣಿಸುವ ಆ ಮುಖ. ಜನ್ಮದಲ್ಲಿ ಅಷ್ಟು ಒಳ್ಳೆಯ ಮುಖ ನಾನು ಇನ್ನೊಂದು ಬರೆದಿಲ್ಲ. ಅದು ನಿಜ, ಹೇಳಲು ನಾಚಿಕೆಯಾದರೂ ನಿಜ.

ಗೇಟಿಗೆ ಹಾಕುವ ಬೋರ್ಡನ್ನೂ ನನ್ನಿಂದಲೇ ಬರೆಸಿದರು. ಮುಂಜಾನೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು. ಧಾನ್ಯ, ಬಟ್ಟೆ ಒಣಗಿಸಬಾರದು. ನೆಲ ಅಗೆಯಬಾರದು. ಗೋಡೆ ಮುಟ್ಟಬಾರದು. ಅಕ್ಷರದ ಮೇಲೆ ಎಷ್ಟು ಗಮನವಿತ್ತೆಂದರೆ, ಬರೆಯುತ್ತಿರುವುದು ಏನೆಂದು ನಾನು ಓದಲೇ ಇಲ್ಲ.

ಉದ್ಘಾಟನೆಯಾದ ಮರುದಿನ ಮಧ್ಯಾಹ್ನ ಹುಸೇನಬಿ ಅಕ್ಕ ಅರಿವೆಯ ಗಂಟು ಹೊತ್ತು, ಹಿಂದೆ ಮೂವರು ಹೆಂಗಸರನ್ನು ಕರೆದುಕೊಂಡು ಗೇಟಿಗೆ ಬಂದಳು. ಕಾವಲಿಗೆ ಇಟ್ಟಿದ್ದ ಯಲ್ಲಪ್ಪ ಪಕ್ಕದ ಊರಿನವನು, ಮರ್ಯಾದಸ್ಥ.

"ನಾಕಕ್ಕ ತಗೀತೀನ್ರಿ ಅಮ್ಮಾರ."

"ನಾಕಕ್ಕ ಚಾ ಕಾಸೂದು, ನೀರ ತರೂದು, ಅಡಗಿ. ಆವಾಗ ಯಾರ ಹೊಲೀತಾರ?"

"ಹೊಲಿಯಾಕೂ ಬರೂದಿಲ್ರಿ. ಸೂಜಿ ಬಿದ್ರ ಮಂದಿ ಕಾಲಿಗೆ ಚುಚ್ಚತೈತಿ ಅಂತ ಹೇಳ್ಯಾರ್ರಿ."

ನಾನು ನನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಹುಸೇನಬಿ ಅಕ್ಕ ಗೇಟಿನ ಸರಳುಗಳ ನಡುವಿನಿಂದ ಒಳಗೆ ನೋಡಿದಳು. ಎದುರಿನ ಗೋಡೆಯ ಮೇಲೆ ಅವಳು ಕೂತು ಹೊಲಿಯುತ್ತಿದ್ದಳು. ಬಹಳ ಹೊತ್ತು ನೋಡಿ, ಗಂಟು ಹೊತ್ತು ತಿರುಗಿದಳು. ನನ್ನ ಬಾಗಿಲ ಮುಂದೆ ಹಾದು ಹೋಗುವಾಗ ನಿಲ್ಲಲಿಲ್ಲ.

ಆಮೇಲಿನದು ಒಂದು ಸಲಕ್ಕೆ ಆದದ್ದಲ್ಲ, ಹಂತ ಹಂತವಾಗಿ ಆಯಿತು. ಅವಳು ತನ್ನ ಪಡಸಾಲೆಯಲ್ಲಿ ಹೊಲಿಯಲು ಕೂತಳು. ಅಲ್ಲಿ ನಾಲ್ವರು ಕೂಡುವಂತಿಲ್ಲ, ದೊಡ್ಡ ಕೌದಿ ಹಾಸುವಂತಿಲ್ಲ. ಗಂಡ-ಹೆಂಡತಿ ಹೊದೆಯುವ ಕೌದಿಗೆ ಬಂದವರನ್ನು ತಿರುಗಿ ಕಳಿಸಿದಳು. ಈಗ ಅವಳು ಹೊಲಿಯುವುದು ತೊಟ್ಟಿಲಿಗೆ ಹಾಸುವ ಕೂಸಿನ ಕೌದಿ ಮಾತ್ರ. ಹೆಂಗಸರು ತಂತಮ್ಮ ಮನೆಗಳಲ್ಲಿ ಉಳಿದರು. ಅತ್ತೆ-ಸೊಸೆಯರು ಈಗ ಒಬ್ಬರಿಗೊಬ್ಬರು ಕೇಳುವಂತೆ ಹೇಳಿಕೊಳ್ಳುವುದಿಲ್ಲ. ಒಳಗೊಳಗೇ ಇಟ್ಟುಕೊಂಡು ಒಂದು ದಿನ ಬೇರೆ ಮನೆ ಮಾಡುತ್ತಾರೆ. ಅಲಾಯಿ ಹಬ್ಬಕ್ಕೆ ಕುಣಿ ತೋಡಲು ಕೇಳಿದರೆ, ಇಟ್ಟಿಗೆ ಕಿತ್ತರೆ ಗುತ್ತಿಗೆದಾರರ ಗ್ಯಾರಂಟಿ ಹೋಗುತ್ತದೆ ಎಂದರು. ಆ ವರ್ಷ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಹಾಕಿ ಗೇಟಿನ ಹೊರಗೆ, ಗಟಾರದ ಬದಿಗೆ ಹಬ್ಬ ಮಾಡಿದರು. ಚನಬಸಪ್ಪ ಕಾಕಾ ತೀರಿಕೊಂಡಾಗ ವಿಮಾನವನ್ನು ಅವರ ಮನೆಯ ಮುಂದೆಯೇ ಇಕ್ಕಟ್ಟಿನಲ್ಲಿ ಇಟ್ಟಿದ್ದೆವು. ಭಜನೆಯವರು ಒಬ್ಬರ ಬೆನ್ನಿಗೆ ಒಬ್ಬರು ನಿಂತು ಹಾಡಿದರು. ತಾಳ ಎತ್ತಲು ಕೈ ಆಡಲಿಲ್ಲ.

ಮೊದಲ ದೊಡ್ಡ ಮಳೆಗೆ ಬಣ್ಣದ ಇಟ್ಟಿಗೆಯ ನೆಲ ಮೂರು ಕಡೆ ದುಂಡಗೆ ಕುಸಿಯಿತು. ಇಂಜಿನಿಯರು ಬಂದು, ಕೆಳಗೆ ಏನಿತ್ತು ಎಂದು ಕೇಳಿದ. ಹಗೇವು ಎಂದು ಓಣಿಯ ಮುದುಕಿಯರೆಲ್ಲ ಒಂದೇ ಮಾತು ಹೇಳಿದರು. "ಮೊದಲೇ ಯಾಕೆ ಹೇಳಲಿಲ್ಲ?" ಎಂದ. ನಾನು ಅಲ್ಲೇ ಇದ್ದೆ. ಜಾಗದ ಹೆಸರಿನಲ್ಲಿಯೇ ಅದು ಇತ್ತು. ನಕಾಶೆಯ ಮೇಲೆ ನಾನೇ ದುಂಡಾದ ಅಕ್ಷರದಲ್ಲಿ ಬರೆದಿದ್ದೆ.

ನಿಧಿಗೆ ಫೋನು ಮಾಡಿದೆ. ಆ ಕೆಲಸ ಬಿಟ್ಟಿದ್ದಳು.

"ಸರ್, ಆವತ್ತು ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ," ಎಂದಳು. "ನಾನು ಹೇಳಿದ್ರೆ ಹೊರಗಿನವಳ ಮಾತು. ನೀವು ಊರವರು."

ಹುಷಾರಾಗಿರು ಎಂದು ಹೇಳಿ ಫೋನಿಟ್ಟೆ.

ಹುಸೇನಬಿ ಅಕ್ಕ ನನ್ನ ಜೊತೆ ಜಗಳವಾಡಲಿಲ್ಲ. ಗೋಡೆಯಾಚೆಯಿಂದ ಸಾರು ಕೊಡುವುದು ನಿಂತಿತು, ಅಷ್ಟೇ. ಗಿರಣಿಗೆ ಹೋಗಲು ಬಯಲಿನ ಬದಿಯ ದಾರಿ ಹತ್ತಿರ, ಅವಳು ಬಸವಣ್ಣನ ಗುಡಿ ಸುತ್ತಿ ಹೋಗುತ್ತಿದ್ದಳು. ತಲೆಯ ಮೇಲೆ ಹಿಟ್ಟಿನ ಡಬ್ಬಿ, ಮೊಣಕಾಲು ನೋವು. ಒಂದು ವರ್ಷ ನೋಡಿ ತಡೆಯಲಾರದೆ ಒಂದು ಮುಂಜಾನೆ ಅವಳ ಬಾಗಿಲಿಗೆ ಹೋದೆ.

"ಅಕ್ಕಾ, ನನ್ನಿಂದ ತಪ್ಪಾತು. ಏನ ಮಾಡ್ಲಿ ಹೇಳು. ಅರ್ಜಿ ಬರೀಲೇನು?"

"ಅರ್ಜಿ ಬ್ಯಾಡ." ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಗ್ವಾಡಿ ಮ್ಯಾಲಿಂದ ನನ್ನ ಮಾರಿ ತಗೀ."

"ಅಕ್ಕಾ, ಅದು..."

"ಒಳಗ ನನ್ನ ಬಿಡೂದಿಲ್ಲ. ಮಾರಿ ಯಾಕ ಇಟಗೊಂಡಾರ? ಬಂದ ಮಂದಿ ಎಲ್ಲಾ ನೋಡಿ, ಎಷ್ಟ ಛಂದ ಹೊಲೀತಾಳ ಮುದಕಿ ಅಂತಾರಂತ. ನಾ ಎಲ್ಲಿ ಹೊಲೀತೀನಿ ಗುರು? ತಗದ ಬಿಡು."

ಸಂಜೆ ನಾಲ್ಕಕ್ಕೆ ಗೇಟು ತೆಗೆದ ಕೂಡಲೇ ಬಣ್ಣದ ಡಬ್ಬಿ, ಕುಂಚ ಹಿಡಿದು ಒಳಗೆ ಹೋದೆ. ಯಲ್ಲಪ್ಪ ಹಿಂದೆಯೇ ಬಂದ.

"ಮಾಸ್ತರ, ಗ್ವಾಡಿ ಮುಟ್ಟಬಾರದಂತ ಬೋರ್ಡ ಐತ್ರಿ."

"ಬರದಾಂವ ನಾನ ಅಲ್ಲೇನೋ ಯಲ್ಲಪ್ಪಾ."

ಅವನು ನಲ್ಲಿ ನೋಡುವ ನೆಪ ಮಾಡಿ ಆ ಕಡೆ ಹೋದ. ಗೋಡೆಯ ಹಳದಿ ಬಣ್ಣವನ್ನೇ ಕಲಸಿಕೊಂಡಿದ್ದೆ. ಮೊದಲು ಹಣೆ ಮುಚ್ಚಿದೆ. ಹುಬ್ಬಿನ ನಡುವಿನ ಆ ಗಂಟಿನ ಮೇಲೆ ಕುಂಚ ಇಡುವಾಗ ಕೈ ನಿಂತಿತು. ಅವಳಿಗಾಗಿ ಮರುಗಿ ನಿಲ್ಲಲಿಲ್ಲ, ಚಿತ್ರಕ್ಕಾಗಿ ನಿಂತಿತು. ಇದನ್ನು ಮುಚ್ಚಿಟ್ಟು ಏನು ಮಾಡಲಿ. ಆಮೇಲೆ ಎಲ್ಲ ಅಳಿಸಿದೆ. ಹಸಿರು ಸೆರಗು, ಸೂಜಿ ಹಿಡಿದ ಕೈ, ಮಡಿಲ ಮೇಲಿನ ಕೌದಿ ಉಳಿದವು. ಮುಖವಿದ್ದಲ್ಲಿ ಹಳದಿಯ ಒಂದು ಮೊಟ್ಟೆಯಾಕಾರ.

ಹುಸೇನಬಿ ಅಕ್ಕ ಬಂದು ಗೇಟಿನಾಚೆಯಿಂದ ನೋಡಿದಳು. "ಆತು," ಎಂದಳು. ಮರುದಿನ ಗೋಡೆಯಾಚೆಯಿಂದ ಒಂದು ವಾಟಗ ಸಾರು ಬಂತು.

ಇದು ಇಲ್ಲಿಗೆ ಮುಗಿದಿದ್ದರೆ ನನ್ನ ಪಾಲಿಗೆ ಒಂದಿಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು. ಆದರೆ ಚಿತ್ರವನ್ನು ನಾನು ದೊಡ್ಡದಾಗಿ ಬರೆದಿದ್ದೆ. ಕೂತವಳ ಮುಖ ನಿಂತವರ ಮುಖದ ಎತ್ತರಕ್ಕೆ ಬರುತ್ತಿತ್ತು. ಯಾರು ಮೊದಲು ಕಂಡುಹಿಡಿದರೋ ತಿಳಿಯದು. ಆ ಹಳದಿ ಜಾಗಕ್ಕೆ ತಲೆ ಆನಿಸಿ ನಿಂತರೆ ಕೌದಿ ಹೊಲಿಯುವ ಮುದುಕಿಯ ಮೈಗೆ ತಮ್ಮ ಮುಖ ಬರುತ್ತದೆ. ಈಗ ಬಂದವರೆಲ್ಲ ಹಾಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಹುಬ್ಬಳ್ಳಿಯಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಭಾನುವಾರ ಸರದಿ ನಿಲ್ಲುತ್ತದೆ. ಬಯಲಿಗೆ ಜನ ಬರುತ್ತಿದ್ದಾರೆ ಎಂದು ಸಾಹೇಬರು ಫೋನು ಮಾಡಿ ನನ್ನನ್ನು ಹೊಗಳಿದರು. ಮುಖ ಬಿಟ್ಟದ್ದು ಬಹಳ ಒಳ್ಳೆಯ ಐಡಿಯಾ ಎಂದರು.

ಮೊನ್ನೆ ಹುಸೇನಬಿ ಅಕ್ಕನ ಪಡಸಾಲೆಯಲ್ಲಿ ಕೂತಿದ್ದೆ. ಕಲಘಟಗಿಯಿಂದ ಯಾರೋ ಬಣ್ಣದ ತೊಟ್ಟಿಲು ತಂದಿದ್ದರಂತೆ, ಅದಕ್ಕೆ ಕೂಸಿನ ಕೌದಿ ಹೊಲಿಯುತ್ತಿದ್ದಳು. ಅಷ್ಟರಲ್ಲಿ ನನ್ನ ಫೋನಿಗೆ ಒಂದು ಚಿತ್ರ ಬಂತು. ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು, ನಮ್ಮ ಮನೆಗೆ ಬಾರದೆ, ಗೆಳತಿಯರ ಜೊತೆ ಬಯಲಿಗೆ ಬಂದು ಹೋಗಿದ್ದಾಳೆ. ಹಸಿರು ಸೆರಗಿನೊಳಗೆ ಅವಳ ನಗುವ ಮುಖ. ಕೆಳಗೆ 'ನಮ್ಮ ಅಜ್ಜ ಬರೆದದ್ದು' ಎಂದು ಬರೆದಿದ್ದಾಳೆ.

ಫೋನು ಜೇಬಿಗೆ ಹಾಕುವಷ್ಟರಲ್ಲಿ ಹುಸೇನಬಿ ಅಕ್ಕ ಕೈ ಚಾಚಿದಳು. ಕನ್ನಡಕ ಏರಿಸಿ, ದೂರ ಹಿಡಿದು, ಹತ್ತಿರ ತಂದು ನೋಡಿದಳು.

"ನಿನ್ನ ಮೊಮ್ಮಗಳಲ್ಲೇನು ಇದು?"

"ಹೌದಕ್ಕಾ."

"ಹೊಲಿಯಾಕ ಬರ್ತೈತೇನು ಆಕಿಗೆ?"

"ಇಲ್ಲ," ಎಂದೆ.

ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ಸೂಜಿಗೆ ದಾರ ಪೋಣಿಸತೊಡಗಿದಳು.